ಕಮ್ಯುನಿಟಿ ಕಾಲೇಜಲ್ಲಿ ಡೇಟಾ ಸೈನ್ಸ್ ಡಿಗ್ರಿ: ಟ್ರಾನ್ಸ್‌ಫರ್ ಆಗೋ ಮಕ್ಕಳಿಗೆ ನಾಲ್ಕು ದಾರೀಲಿ ಯಾವುದು ವಾಸಿ?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಲ್ಲಿ ಪಾಠ ಮಾಡೋರಿಗೂ ಓದೋರಿಗೂ ಅಸಿಸ್ಟ್ ಅನ್ನೋ ವೆಬ್‌ಸೈಟ್ ಒಂಥರಾ ಪಂಚಾಂಗ. ಎಡಗಡೆ ಯೂನಿವರ್ಸಿಟಿ ಕೇಳೋ ಕೋರ್ಸು, ಬಲಗಡೆ ಅದಕ್ಕೆ ಸಮ ಅಂತ ಅವರು ಒಪ್ಕೊಂಡಿರೋ ನಿಮ್ಮ ಕಾಲೇಜಿನ ಕೋರ್ಸು. ಸಮ ಇಲ್ಲ ಅಂದ್ರೆ ಬಲಗಡೆ "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತ ಬಂದಿರತ್ತೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಆಫೀಸ್ ಅವರ್‌ನಲ್ಲಿ ಬಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಆ ಪೇಜ್ ತೋರಿಸಿದ್ಲು, ಸಾಲಾಗಿ ನಾಲ್ಕು ಕಡೆ ಅದೇ ವಾಕ್ಯ. ಅವಳು ಓದಿದ್ದು ನಮ್ಮದೇ ಕಾಲೇಜು ಹೊಸದಾಗಿ ಶುರು ಮಾಡಿದ್ದ ಡೇಟಾ ಸೈನ್ಸ್ ಪ್ರೋಗ್ರಾಮ್. ಡೇಟಾ ವಿಶುವಲೈಸೇಶನ್, ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ), ಎಐ ಪರಿಚಯ ಎಲ್ಲ ಮುಗಿಸಿದ್ಲು, ಮೂರರಲ್ಲೂ ಎ ಗ್ರೇಡು. ಆದ್ರೆ ಅವಳು ಹೋಗ್ಬೇಕು ಅಂತಿದ್ದ ಕಡೆ ಆ ಮೂರೂ ಬರೀ ಎಲೆಕ್ಟಿವ್ ಯೂನಿಟ್ (ಐಚ್ಛಿಕ ಕ್ರೆಡಿಟ್) ಆಗಿ ಕೂತವು, ಮೇಜರ್‌ಗೆ, ಅಂದ್ರೆ ಮುಖ್ಯ ವಿಷಯಕ್ಕೆ, ಬೇಕಾಗಿದ್ದ ಲೀನಿಯರ್ ಆಲ್ಜೀಬ್ರಾ ಮತ್ತೆ ಎರಡನೇ ಪ್ರೋಗ್ರಾಮಿಂಗ್ ಕೋರ್ಸು ನಮ್ಮ ಪಟ್ಟೀಲೇ ಇರ್ಲಿಲ್ಲ. ಇನ್ನೊಂದು ವರ್ಷ ಕೂರ್ಬೇಕಾಯ್ತು. ಅವಳ ತಪ್ಪು ಒಂಚೂರೂ ಇಲ್ಲ, ನಾವು ಕೊಟ್ಟ ಪಟ್ಟೀನೇ ಓದಿದ್ಲು.

ಅವತ್ತಿಂದ ಡೇಟಾ ಸೈನ್ಸ್ ಡಿಗ್ರಿ ಶುರು ಮಾಡ್ತಿದೀವಿ ಅಂತ ಯಾರು ಹೇಳಿದ್ರೂ ನಾನು ಕೇಳೋ ಮೊದಲ ಪ್ರಶ್ನೆ, ಮಕ್ಕಳು ಇಲ್ಲಿಂದ ಯಾವ ಕ್ಯಾಂಪಸ್ಸಿಗೆ ಹೋಗ್ತಾರೆ, ಅಲ್ಲಿ ಮೊದಲ ಎರಡು ವರ್ಷ ಏನು ಓದಿಸ್ತಾರೆ? ಡಿಗ್ರಿ ಹೆಸರು, ಬ್ರೋಶರ್ರು ಎಲ್ಲ ಆಮೇಲೆ. ಇಲ್ಲಿ ಕಮ್ಯುನಿಟಿ ಕಾಲೇಜುಗಳಲ್ಲಿ ಗಣಿತ, ಕಂಪ್ಯೂಟರ್ ಹೇಳಿಕೊಡೋ ಕನ್ನಡದವರು ಇದೀರ, ಮಕ್ಕಳನ್ನ ಡಿ ಆಂಜಾ, ಓಲೋನಿ ಥರದ ಕಮ್ಯುನಿಟಿ ಕಾಲೇಜಿಗೆ ಸೇರಿಸೋಣ್ವಾ ಬೇಡ್ವಾ ಅಂತ ಯೋಚನೆ ಮಾಡ್ತಿರೋ ಅಪ್ಪ ಅಮ್ಮಂದಿರೂ ಇದೀರ, ಇಬ್ಬರಿಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಊರಲ್ಲಿರೋರಿಗೆ ಇದು ಏನು ಅಂತ ಅರ್ಥ ಆಗ್ಬೇಕು ಅಂದ್ರೆ, ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ತಗೋತಾರಲ್ಲ, ಹತ್ತಿರ ಹತ್ತಿರ ಆ ಥರ. ಇಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆ ಮೂರನೇ ವರ್ಷಕ್ಕೆ ಯೂನಿವರ್ಸಿಟಿ. ವ್ಯತ್ಯಾಸ ಏನಂದ್ರೆ ಡಿಸಿಇಟಿಲಿ ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಲಿಸ್ಟು. ಇಲ್ಲಿ ಹಂಗಲ್ಲ, ಒಂದೊಂದು ಕ್ಯಾಂಪಸ್ಸೂ ತನಗೆ ಬೇಕಾದ ಕೋರ್ಸ್ ಪಟ್ಟಿ ತಾನೇ ಇಟ್ಕೊಂಡಿರತ್ತೆ, ಪಕ್ಕದ ಕ್ಯಾಂಪಸ್ಸಿಂದು ಬೇರೆ. ತಲೆನೋವು ಶುರು ಆಗೋದೇ ಅಲ್ಲಿ. ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜು ಇವೆ, ಇಲ್ಲಿನ ನಿವಾಸಿಗಳಿಗೆ ಫೀಸು ಯೂನಿಟ್ಟಿಗೆ 46 ಡಾಲರ್, ಅಂದ್ರೆ 60 ಯೂನಿಟ್ಟಿಗೆ 2,760 ಡಾಲರ್. ಕಾಲ್ ಸ್ಟೇಟ್‌ನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) 2024-25ರಲ್ಲಿ ಬರೀ ಒಂದು ವರ್ಷದ ಟ್ಯೂಶನ್ನೇ 6,084 ಡಾಲರ್ ಇತ್ತು. ದುಡ್ಡಿನ ಈ ಉಳಿತಾಯ ನಿಜವಾಗ್ಲೂ ಉಳೀಬೇಕು ಅಂದ್ರೆ ಇಲ್ಲಿ ಓದಿದ ಯೂನಿಟ್ ಅಲ್ಲಿ ಲೆಕ್ಕಕ್ಕೆ ಬರ್ಬೇಕು, ಇಲ್ದಿದ್ರೆ ನೀರಲ್ಲಿ ಹೋಮ ಮಾಡಿದ ಹಾಗೆ.

ಈಗ ದಾರಿಗಳ ವಿಷಯ. 2018ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್‌ನವರು ಎರಡು ವರ್ಷದ ಕಾಲೇಜುಗಳಿಗೆ ಅಂತಲೇ ಡೇಟಾ ಸೈನ್ಸ್ ಸಮ್ಮಿಟ್ ಮಾಡಿದ್ರು. ಅದರ ವರದೀಲಿ ಮೂರು ಥರದ ಪ್ರೋಗ್ರಾಮ್ ಬೇರೆ ಬೇರೆ ಇಟ್ಟು ಹೇಳಿದಾರೆ: ಟ್ರಾನ್ಸ್‌ಫರ್‌ಗೆ ಅಂತ ಡಿಗ್ರಿ, ನೇರ ಕೆಲಸಕ್ಕೆ ಅಂತ ಡಿಗ್ರಿ, ಆಮೇಲೆ ಸರ್ಟಿಫಿಕೇಟು. ನಾವು ಮಾಡಿದ ತಪ್ಪು ಅಲ್ಲೇ ಇತ್ತು, ಕೆಲಸಕ್ಕೆ ಹೋಗೋರಿಗೆ ಬೇಕಾದ ಕೋರ್ಸು ತುಂಬಿಸಿ ಅದನ್ನ ಟ್ರಾನ್ಸ್‌ಫರ್ ಮಕ್ಕಳಿಗೆ ಕೊಟ್ಬಿಟ್ವಿ. ಕ್ಯಾಲಿಫೋರ್ನಿಯಾದಲ್ಲಿ ಕೂತು ನೋಡಿದ್ರೆ ಈ ಮೂರು ಥರ ನಾಲ್ಕು ದಾರಿ ಆಗತ್ತೆ: ಮ್ಯಾತ್ ಎಎಸ್-ಟಿ (ಟ್ರಾನ್ಸ್‌ಫರ್‌ಗೆ ಅಂತಲೇ ಇರೋ ಎರಡು ವರ್ಷದ ಡಿಗ್ರಿ, ಮುಂದೆ ವಿವರ ಹೇಳ್ತೀನಿ) ತಗೊಂಡು ಡೇಟಾ ಕೋರ್ಸ್ ಸೇರಿಸೋದು, ಕಂಪ್ಯೂಟರ್ ಸೈನ್ಸ್ ಎಎಸ್-ಟಿ ತಗೊಂಡು ಸೇರಿಸೋದು, ಕಾಲೇಜೇ ಸ್ವಂತ ಡೇಟಾ ಸೈನ್ಸ್ ಎಎಸ್ (ಎರಡು ವರ್ಷದ ಅಸೋಸಿಯೇಟ್ ಡಿಗ್ರಿ) ಬರ್ಕೊಳ್ಳೋದು, ಇಲ್ಲಾ ಬರೀ ಸರ್ಟಿಫಿಕೇಟ್ ಕೊಡೋದು.

ಸರ್ಟಿಫಿಕೇಟ್ ಮಾತು ಬೇಗ ಮುಗಿಸ್ತೀನಿ. 16 ಯೂನಿಟ್ ಮತ್ತೆ ಅದರ ಮೇಲಿನದಕ್ಕೆ ಕಮ್ಯುನಿಟಿ ಕಾಲೇಜುಗಳನ್ನೆಲ್ಲ ನೋಡ್ಕೊಳ್ಳೋ ರಾಜ್ಯದ ಚಾನ್ಸಲರ್ಸ್ ಆಫೀಸ್ ಒಪ್ಪಿಗೆ ಬೇಕು. ಆಗ್ಲೇ ಬಿ.ಎ., ಬಿ.ಎಸ್ಸಿ. ಇದ್ದು ಕೆಲಸದಲ್ಲಿರೋರು, ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಮತ್ತೆ ಕೆಲಸ ಹುಡುಕ್ತಿರೋರು, ಅವರಿಗೆ ಇದು ಒಳ್ಳೇದೇ, ನಮ್ಮ ಸಂಜೆ ಕ್ಲಾಸಲ್ಲಿ ಅಂಥ ಕನ್ನಡತಿಯರನ್ನೂ ನೋಡಿದೀನಿ, ಆರು ತಿಂಗಳಲ್ಲಿ ಪೈಥಾನ್ ಕಲಿತು ಇಂಟರ್‌ವ್ಯೂ ಕೊಟ್ಟಿದಾರೆ. ಆದ್ರೆ ಹದಿನೆಂಟು ವರ್ಷದ ಟ್ರಾನ್ಸ್‌ಫರ್ ಹುಡುಗನಿಗೆ ಸರ್ಟಿಫಿಕೇಟ್ ತೋರಿಸಿದ್ರೆ ಅಡ್ಮಿಶನ್ನಿಗೆ ಏನೂ ಉಪಯೋಗ ಇಲ್ಲ. ಅವರು ನೋಡೋದು ಮೇಜರ್‌ನ ತಯಾರಿ ಕೋರ್ಸು ಮತ್ತೆ ಜಿಪಿಎ.

ಎಎಸ್-ಟಿ ಅಂದ್ರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳ್ಬೇಕು. 2010ರ ಎಸ್‌ಬಿ 1440 ಕಾನೂನಿಂದ ಬಂದಿದ್ದು ಇದು. ರಾಜ್ಯಕ್ಕೆಲ್ಲ ಒಂದೇ ಟೆಂಪ್ಲೇಟು, 60 ಯೂನಿಟ್ಟು, ಅದನ್ನ ಮುಗಿಸಿದವರಿಗೆ ಕಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಎಲ್ಲಾದ್ರೂ ಒಂದು ಕಡೆ ಸೀಟು ಖಾತ್ರಿ. ಎಲ್ಲಾದ್ರೂ ಒಂದು ಕಡೆ ಅನ್ನೋದನ್ನ ಗಮನಿಸಿ, ನಿಮಗೆ ಇಷ್ಟವಾದ ಕ್ಯಾಂಪಸ್ಸೇ ಸಿಗತ್ತೆ ಅಂತಲ್ಲ. ಅಲ್ಲಿ ಹೋದ್ಮೇಲೆ ಇನ್ನು 60 ಯೂನಿಟ್ಟಲ್ಲಿ ಬ್ಯಾಚುಲರ್ಸ್ ಮುಗಿಸ್ಬಹುದು ಅನ್ನೋ ಮಾತೂ ಇದೆ, ಆದ್ರೆ ನಿಮ್ಮ ಎಎಸ್-ಟಿಗೂ ಅವರ ಮೇಜರ್‌ಗೂ ಹೊಂದಿಕೆ ಇದೆ ಅಂತ ಆ ಕ್ಯಾಂಪಸ್ ಒಪ್ಪಿದ್ರೆ ಮಾತ್ರ. ಮ್ಯಾತ್ ಎಎಸ್-ಟಿ ತಗೊಂಡು ಹೋಗಿ ಡೇಟಾ ಸೈನ್ಸ್ ಮೇಜರ್ ಕೇಳೋರು ಇದನ್ನ ಮೊದಲೇ ಕೌನ್ಸೆಲರ್ ಹತ್ರ ಕೇಳ್ಕೊಬೇಕು. ಮತ್ತೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಡೆ ಈ ಖಾತ್ರಿ ಹಂಗೇ ನಡಿಯಲ್ಲ, ಅಲ್ಲಿ ಟ್ಯಾಗ್ ಅಂತ ಬೇರೆ ವ್ಯವಸ್ಥೆ, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್ ಈ ಆರೇ ಕ್ಯಾಂಪಸ್ಸು, ಅದರಲ್ಲೂ ಎಲ್ಲ ಮೇಜರ್‌ಗೂ ಕೊಡಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಆ ಪಟ್ಟೀಲಿ ಇಲ್ಲ. ನಮ್ಮವರ ಮನೇಲಿ ಜಾಸ್ತಿ ಕೇಳಿಬರೋ ಹೆಸರು ಆ ಮೂರೇ ಅಲ್ವಾ.

ಇನ್ನು ಯೂನಿಟ್ ಲೆಕ್ಕ. ನನ್ನ ಪ್ರಕಾರ ಇಡೀ ಹೋಲಿಕೆ ನಿಂತಿರೋದೇ ಇದರ ಮೇಲೆ. 2025ರ ಫಾಲ್ ಸೆಮಿಸ್ಟರ್‌ನಿಂದ ಕಾಲ್-ಗೆಟ್ಸಿ ಅನ್ನೋ ಒಂದೇ ಜನರಲ್ ಎಜುಕೇಶನ್ (ಎಲ್ಲರೂ ಓದ್ಬೇಕಾದ ಸಾಮಾನ್ಯ ಕೋರ್ಸುಗಳ) ಪಟ್ಟಿ ಬಂದಿದೆ, 34 ಯೂನಿಟ್ಟು. ಒಟ್ಟು 60. ಉಳಿಯೋದು 26. ಆದ್ರೆ ಕ್ಯಾಲ್ಕುಲಸ್ ಜನರಲ್ ಎಜುಕೇಶನ್‌ನ ಗಣಿತದ ಜಾಗಕ್ಕೂ ಲೆಕ್ಕ ಆಗತ್ತೆ, ಹಂಗಾಗಿ ಸುಮಾರು ನಾಲ್ಕು ಯೂನಿಟ್ ಎರಡೂ ಕಡೆ ಎಣಿಸ್ಬಹುದು, ಅಂದ್ರೆ ಮೇಜರ್‌ಗೆ ಅಂತ ಸಿಗೋದು 30ರ ಆಸುಪಾಸು. ಈ ಮೂವತ್ತರಲ್ಲಿ ಏನು ಹಾಕ್ತೀರಾ ಅನ್ನೋದೇ ಪ್ರಶ್ನೆ.

ಮ್ಯಾತ್ ಎಎಸ್-ಟಿ ತಗೊಳ್ಳಿ. ಮೂರು ಕ್ಯಾಲ್ಕುಲಸ್ಸು, ಆಮೇಲೆ ಲೀನಿಯರ್ ಆಲ್ಜೀಬ್ರಾ ಥರದ್ದೊಂದು, ಇನ್ನೊಂದು ಪಟ್ಟಿಯಿಂದ ಪ್ರೋಗ್ರಾಮಿಂಗೋ ಸ್ಟ್ಯಾಟಿಸ್ಟಿಕ್ಸೋ ಡಿಸ್ಕ್ರೀಟ್ ಮ್ಯಾತೋ ಒಂದು. ಒಟ್ಟು ಇಪ್ಪತ್ತು ಯೂನಿಟ್ ಅಂತ ಇಟ್ಕೊಳ್ಳಿ. ಮೂವತ್ತರಲ್ಲಿ ಇಪ್ಪತ್ತು ಹೋಯ್ತು, ಹತ್ತು ಕೈಯಲ್ಲಿದೆ. ಆ ಹತ್ತರಲ್ಲಿ ಡೇಟಾ ಸೈನ್ಸ್ ಪರಿಚಯದ ಕೋರ್ಸ್ ಒಂದು, ಎರಡನೇ ಪ್ರೋಗ್ರಾಮಿಂಗ್ ಕೋರ್ಸ್ ಒಂದು ಎರಡೂ ಆರಾಮಾಗಿ ಕೂರತ್ತೆ. ಕಂಪ್ಯೂಟರ್ ಸೈನ್ಸ್ ಎಎಸ್-ಟಿ ಆದ್ರೆ ಪ್ರೋಗ್ರಾಮಿಂಗ್ ಎರಡು, ಕಂಪ್ಯೂಟರ್ ಆರ್ಕಿಟೆಕ್ಚರ್, ಡಿಸ್ಕ್ರೀಟ್, ಕ್ಯಾಲ್ಕುಲಸ್ ಎರಡು, ಫಿಸಿಕ್ಸ್ ಬೇರೆ, ಇಪ್ಪತ್ತೆಂಟರ ಹತ್ರ ಹೋಗತ್ತೆ. ಫಿಸಿಕ್ಸನ್ನ ಸೈನ್ಸ್ ಜಾಗಕ್ಕೆ ಎಣಿಸ್ಕೊಂಡ್ರೂ ಆರೇಳು ಯೂನಿಟ್ ಉಳೀಬಹುದು ಅಷ್ಟೇ, ಲೀನಿಯರ್ ಆಲ್ಜೀಬ್ರಾ ಮತ್ತೆ ಡೇಟಾ ಕೋರ್ಸ್ ಎರಡನ್ನೂ ಅಲ್ಲಿ ತುರುಕೋದು ಕಷ್ಟ. ಮತ್ತೆ ಡೇಟಾ ಸೈನ್ಸಿಗೆ ಹೋಗೋ ಹುಡುಗನಿಗೆ ಆರ್ಕಿಟೆಕ್ಚರ್, ಫಿಸಿಕ್ಸ್ ಇಲ್ದೆ ನಡಿಯತ್ತೆ, ಲೀನಿಯರ್ ಆಲ್ಜೀಬ್ರಾ ಇಲ್ದೆ ನಡಿಯಲ್ಲ. ಹಾಗಂತ ಸಿಎಸ್ ದಾರಿ ಬೇಡ ಅಂತಲ್ಲ, ಮನಸ್ಸು ಇನ್ನೂ ಎರಡರ ಮಧ್ಯೆ ಓಲಾಡ್ತಿರೋ ಮಕ್ಕಳಿಗೆ ಅದರಿಂದ ಸಾಫ್ಟ್‌ವೇರ್ ಕಡೆ ಬಾಗಿಲು ತೆರೆದಿರತ್ತೆ. ಆದ್ರೆ ಡೇಟಾನೇ ಬೇಕು ಅಂತ ಗಟ್ಟಿ ಇರೋರಿಗೆ ಮ್ಯಾತ್ ಎಎಸ್-ಟಿ ಜಾಸ್ತಿ ಹೊಂದತ್ತೆ, ಇದನ್ನ ಎಷ್ಟೋ ಕೌನ್ಸೆಲರ್‌ಗಳು ಹೇಳೋದೇ ಇಲ್ಲ, ಹೆಸರಲ್ಲಿ ಡೇಟಾ ಇಲ್ಲ ಅಂತ.

ಸ್ವಂತ ಎಎಸ್ ಡಿಗ್ರಿ ಅಂದ್ರೆ ಮೇಜರ್‌ಗೆ ಕನಿಷ್ಠ 18 ಯೂನಿಟ್ ಇದ್ರೆ ಸಾಕು, ಉಳಿದಿದ್ದು ಕಾಲೇಜು ಬರೆದ ಹಾಗೆ. ಆ ಸ್ವಾತಂತ್ರ್ಯ ಇರೋದ್ರಿಂದಾನೇ ಇದು ಎಲ್ಲಕ್ಕಿಂತ ಚೆನ್ನಾಗೂ ಆಗ್ಬಹುದು, ಎಲ್ಲಕ್ಕಿಂತ ಕೆಟ್ಟದ್ದೂ ಆಗ್ಬಹುದು. ನಮ್ಮ ಮೊದಲ ಪ್ರಯತ್ನದಲ್ಲಿ ಆಗಿದ್ದು ಎರಡನೇದು, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಎಐ, ವಿಶುವಲೈಸೇಶನ್ ಎಲ್ಲ ಇತ್ತು, ಲೀನಿಯರ್ ಆಲ್ಜೀಬ್ರಾ ಇರ್ಲಿಲ್ಲ. ಚೆನ್ನಾಗಿ ಮಾಡ್ಬೇಕು ಅಂದ್ರೆ ಎದುರುಗಡೆ ಯೂನಿವರ್ಸಿಟಿಗಳ ಪಟ್ಟಿ ಹರಡ್ಕೊಂಡು ಕೂತು ಬರೀಬೇಕು.

ಬರ್ಕ್ಲಿ ನೋಡಿ. ಅಲ್ಲಿ ಡೇಟಾ ಸೈನ್ಸ್ ಮೇಜರ್ ಬಂದಿದ್ದು 2018ರಲ್ಲಿ, 2023ರಲ್ಲಿ ಅದಕ್ಕೆ ಅಂತ ಬೇರೆ ಕಾಲೇಜೇ ಆಯ್ತು. ಮೊದಲೆರಡು ವರ್ಷದ ತಯಾರಿ ಅಂದ್ರೆ ಡೇಟಾ 8 ಅನ್ನೋ ಡೇಟಾ ಸೈನ್ಸ್ ಪರಿಚಯದ ಕೋರ್ಸು, ಎರಡು ಕ್ಯಾಲ್ಕುಲಸ್ಸು, ಲೀನಿಯರ್ ಆಲ್ಜೀಬ್ರಾ, 61ಎ ಮತ್ತೆ 61ಬಿ ಅನ್ನೋ ಎರಡು ಪ್ರೋಗ್ರಾಮಿಂಗ್ ಕೋರ್ಸು. ಸ್ಯಾನ್ ಡಿಯೇಗೊದಲ್ಲಿ 2018ರಲ್ಲಿ ಶುರುವಾದ ಹಲಿಜಿಯೋಲು ಡೇಟಾ ಸೈನ್ಸ್ ಇನ್‌ಸ್ಟಿಟ್ಯೂಟ್ ಇದೆ, ಅವರದ್ದು ಡಿಎಸ್‌ಸಿ 10, 20, 30, 40ಎ, 40ಬಿ, 80 ಅಂತ ಅವರದೇ ಸರಣಿ, ಜೊತೆಗೆ ಮೂರು ಕ್ವಾರ್ಟರ್ ಕ್ಯಾಲ್ಕುಲಸ್ಸು, ಲೀನಿಯರ್ ಆಲ್ಜೀಬ್ರಾ. ಆ ಡಿಎಸ್‌ಸಿ ಸರಣಿ ಪೂರ್ತಿ ಹಾಗ್ಹಾಗೇ ಒಂದು ಕಮ್ಯುನಿಟಿ ಕಾಲೇಜಲ್ಲಿ ತರ್ತೀವಿ ಅಂತ ಹೊರಡ್ಬೇಡಿ, ಆಗೋ ಮಾತಲ್ಲ. ಯುಸಿಎಲ್‌ಎಲಿ ಸ್ಟ್ಯಾಟಿಸ್ಟಿಕ್ಸ್ ಅಂಡ್ ಡೇಟಾ ಸೈನ್ಸ್ ಅಂತ, ಗಣಿತದ ಕಡೆ ಜಾಸ್ತಿ ವಾಲತ್ತೆ, ಅಲ್ಲಿಗೆ ಹೋಗೋರಿಗೆ ಮೂರನೇ ಕ್ಯಾಲ್ಕುಲಸ್ ಬೇಕೇಬೇಕು. ಸ್ಯಾನ್ ಹೋಸೆ ಸ್ಟೇಟ್‌ನಲ್ಲೂ ಡೇಟಾ ಸೈನ್ಸ್ ಬಿಎಸ್ ಇದೆ, ಬೇ ಏರಿಯಾದಲ್ಲಿ ಮನೆಯಿಂದಾನೇ ಓಡಾಡ್ಕೊಂಡು ಓದೋ ಮಕ್ಕಳಿಗೆ ಅದು ದೊಡ್ಡ ಅನುಕೂಲ, ಬರ್ಕ್ಲಿ ಹೆಸರಿನ ಮುಂದೆ ನಮ್ಮವರು ಅದನ್ನ ಮರೆತುಬಿಡ್ತಾರೆ.

ಇಷ್ಟನ್ನೂ ಒಂದು ಹಾಳೇಲಿ ಕಾಲಂ ಹಾಕಿ ಬರೆದು ನೋಡಿದಾಗ ನನಗೆ ಕಂಡಿದ್ದು, ಕ್ಯಾಲ್ಕುಲಸ್ ಎರಡು ಮತ್ತೆ ಲೀನಿಯರ್ ಆಲ್ಜೀಬ್ರಾ ಈ ಯುಸಿಗಳಲ್ಲೆಲ್ಲ ಇದೆ, ಪ್ರೋಗ್ರಾಮಿಂಗ್ ಒಂದಲ್ಲ ಒಂದು ರೂಪದಲ್ಲಿ ಎಲ್ಲ ಕಡೆ ಇದೆ, ಕಾಲೇಜಿಂದ ಕಾಲೇಜಿಗೆ ಬದಲಾಗೋದು ಡೇಟಾ ಕೋರ್ಸು ಮತ್ತೆ ಮೂರನೇ ಕ್ಯಾಲ್ಕುಲಸ್ಸು. ಹಾಗಾಗಿ ಸ್ವಂತ ಡಿಗ್ರಿಯ ಬೆನ್ನೆಲುಬು ಆರು ಕೋರ್ಸು: ಎರಡು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಎರಡು ಪ್ರೋಗ್ರಾಮಿಂಗ್, ಒಂದು ಡೇಟಾ. ತಲಾ ನಾಲ್ಕು ಅಂದ್ರೂ 24 ಯೂನಿಟ್ಟು. ಉಳಿದ ಆರರಲ್ಲಿ ಕ್ಯಾಲ್ಕುಲಸ್ 3 ಇಲ್ಲಾ ಡಿಸ್ಕ್ರೀಟ್, ಹುಡುಗ ಎಲ್ಲಿಗೆ ಹೋಗ್ತಾನೆ ನೋಡ್ಕೊಂಡು. ಎಸ್‌ಕ್ಯೂಎಲ್ ಕೋರ್ಸ್ ಇಡ್ಬೇಕು ಅಂತ ಆಸೆ ಇದ್ರೆ ಸರ್ಟಿಫಿಕೇಟಿಗೆ ಇಡಿ, ಇಲ್ಲಿ ಬೇಡ.

ಡೇಟಾ ಕೋರ್ಸ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಕೆಲವು ಕಾಲೇಜು ನಮ್ಮ ಹಳೇ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿಗೇ ಹೊಸ ಹೆಸರು ಇಟ್ರೆ ಸಾಕಲ್ವಾ ಅಂತಾರೆ. ಸಾಲಲ್ಲ. ಬರ್ಕ್ಲಿಯ ಡೇಟಾ 8 ಶುರುವಾಗಿದ್ದು 2015ರ ಫಾಲ್‌ನಲ್ಲಿ, ಪ್ರೋಗ್ರಾಮಿಂಗ್ ಗೊತ್ತಿಲ್ದೇ ಇರೋರೂ ಸೇರ್ಬಹುದು, ಅದರ ಪಠ್ಯ ಆನ್‌ಲೈನಲ್ಲಿ ಉಚಿತ, ಆ ಮಾದರೀಲಿ ಕೋರ್ಸ್ ಮಾಡಿರೋ ಕಮ್ಯುನಿಟಿ ಕಾಲೇಜುಗಳೂ ಇವೆ. ಅದರಲ್ಲಿ ಬರೋ ಒಂದು ಪಾಠ ನಾನು ಪ್ರತಿ ಸೆಮಿಸ್ಟರ್ ಮಾಡ್ತೀನಿ. 1965ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದ ಸ್ವೇನ್ ಅನ್ನೋ ಕಪ್ಪು ವರ್ಣದ ಯುವಕನ ಕೇಸು, ಅಲಬಾಮಾದ್ದು. ಜ್ಯೂರಿಗೆ ಅರ್ಹರಾಗಿದ್ದ ಗಂಡಸರಲ್ಲಿ ಶೇಕಡಾ 26 ಕಪ್ಪು ಜನ, ಆದ್ರೆ ಕರೆದ 100 ಜನರ ಪಟ್ಟೀಲಿ ಇದ್ದಿದ್ದು 8 ಜನ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಅಂತ ಕೋರ್ಟ್ ಹೇಳ್ತು. ಈಗ ಮಕ್ಕಳು ಜುಪಿಟರ್ ನೋಟ್‌ಬುಕ್ಕಲ್ಲಿ (ಕೋಡ್ ಬರೆದು ಅಲ್ಲೇ ಓಡಿಸೋ ಪೇಜು) ನಾಲ್ಕೈದು ಸಾಲು ಪೈಥಾನ್ ಬರೀತಾರೆ, 26 ಪರ್ಸೆಂಟ್ ಇರೋ ಗುಂಪಿಂದ ಲಾಟರಿ ಎತ್ತಿದ ಹಾಗೆ 100 ಜನರನ್ನ ಆರಿಸು, ಕಪ್ಪು ಜನ ಎಷ್ಟು ಬಂದ್ರು ಎಣಿಸು, ಇದನ್ನ 10,000 ಸಲ ಮಾಡು. ಹಿಸ್ಟೋಗ್ರಾಮ್ ಬರತ್ತೆ, ಇಪ್ಪತ್ತಾರರ ಸುತ್ತ ಗುಡ್ಡ, ಎಡಗಡೆ ಹದಿನೈದಕ್ಕೆಲ್ಲ ಬಾಲ ತೆಳ್ಳಗಾಗಿ ಹೋಗಿರತ್ತೆ, ಎಂಟರ ಹತ್ರ ಖಾಲಿ. ಕ್ಲಾಸಲ್ಲಿ ಒಂದು ನಿಮಿಷ ಯಾರೂ ಮಾತಾಡಲ್ಲ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಒಬ್ಬ, ರಾತ್ರಿ ಪಾಳಿ ಗೋಡೌನಲ್ಲಿ ಕೆಲಸ ಮಾಡಿ ಬರ್ತಿದ್ದ, ಅವನು ರನ್ ಬಟನ್ನು ಮತ್ತೆ ಮತ್ತೆ ಒತ್ತಿ ನೋಡ್ತಾನೇ ಇದ್ದ, ಒಂದ್ಸಲನಾದ್ರೂ ಎಂಟು ಬರತ್ತಾ ಅಂತ. ಬರೀ ಆಕಸ್ಮಿಕವಾಗಿ ಹೀಗಾಗೋ ಸಾಧ್ಯತೆ ಎಷ್ಟು ಅಂತ ಹೇಳೋ ಪಿ-ವ್ಯಾಲ್ಯೂ ಸೂತ್ರ ಹಾಕಿ ಕೊಟ್ಟಿದ್ರೆ ಅವನು ಬರ್ಕೊಂಡು ಮರೀತಿದ್ದ. ಕೋಡ್ ಬರೀತಾ ಬರೀತಾನೇ ಊಹೆ, ಸಂಭವ ಅರ್ಥ ಆಗೋದು ಈ ಕೋರ್ಸಿನ ಜೀವ, ಅದಕ್ಕೇ ಹಳೇ ಸಿಲಬಸ್ಸಿಗೆ ಹೊಸ ಹೆಸರು ಅಂಟಿಸಿದ್ರೆ ಬರ್ಕ್ಲಿಯವರು ಸಮ ಅಂತ ಒಪ್ಪಲ್ಲ, ಒಪ್ಪೋದೂ ಬೇಡ.

ಈ ಕೋರ್ಸಿಗೆ ಇಡೀ ಲ್ಯಾಬಿಗೆ ದುಬಾರಿ ಕಂಪ್ಯೂಟರ್ ಬೇಕು ಅಂತ ಡೀನ್‌ಗಳು ಹೆದರ್ತಾರೆ, ಬೇಡ, ನೋಟ್‌ಬುಕ್ಕು ಬ್ರೌಸರಲ್ಲೇ ಓಡತ್ತೆ, ನನ್ನ ಕ್ಲಾಸಲ್ಲಿ ಅರ್ಧ ಜನ ಕಾಲೇಜಿಂದ ಎರವಲು ತಗೊಂಡ ಕ್ರೋಮ್‌ಬುಕ್ಕಲ್ಲೇ ಮಾಡ್ತಾರೆ. ನಿಜವಾದ ಕಷ್ಟ ಇರೋದು ಹೇಳಿಕೊಡೋರು ಯಾರು ಅನ್ನೋದ್ರಲ್ಲಿ. ಗಣಿತದ ಡಿಪಾರ್ಟ್‌ಮೆಂಟು ನಮ್ಮದು ಅನ್ನತ್ತೆ, ಸಿಎಸ್‌ನವರು ನಮ್ಮದು ಅಂತಾರೆ, ಬಿಸಿನೆಸ್‌ನವರು ಅನಲಿಟಿಕ್ಸ್ ಅಂತ ಇನ್ನೊಂದು ಕೋರ್ಸ್ ತರ್ತಾರೆ. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅಂತಾರೆ, ಇಲ್ಲಿ ಯಾರಿಗೂ ಲಾಭ ಆಗಲ್ಲ, ಮಕ್ಕಳಿಗೆ ಒಂದು ವರ್ಷ ಹೋಗತ್ತೆ. ಕೋರ್ಸನ್ನ ಎರಡೂ ಡಿಪಾರ್ಟ್‌ಮೆಂಟಿನ ಹೆಸರಲ್ಲಿ ಕ್ರಾಸ್-ಲಿಸ್ಟ್ ಮಾಡಿ, ಯಾವ ಕಡೆಯ ಟೀಚರ್ ಆದ್ರೂ ತಗೋಬಹುದು ಅಂತ ಮೊದಲೇ ಬರೆದಿಟ್ಬಿಡಿ.

ಹಾಗಾದ್ರೆ ಯಾವ ಕಾಲೇಜಿಗೆ ಯಾವುದು? ಚಿಕ್ಕ ಕಾಲೇಜು, ಲೀನಿಯರ್ ಆಲ್ಜೀಬ್ರಾ ವರ್ಷಕ್ಕೆ ಒಂದೇ ಸೆಕ್ಷನ್ ತುಂಬೋದೂ ಕಷ್ಟ ಅನ್ನೋ ಕಡೆ ಹಾಸಿಗೆ ಇದ್ದಷ್ಟು ಕಾಲು ಚಾಚಿ, ಮ್ಯಾತ್ ಎಎಸ್-ಟಿ ಇಟ್ಕೊಂಡು ಒಂದೇ ಒಂದು ಡೇಟಾ ಕೋರ್ಸ್ ಸೇರಿಸಿ, ಹೊಸ ಡಿಗ್ರಿ ಬೇಡ. ಡಿಗ್ರಿ ಶುರು ಮಾಡಿ ಸೆಕ್ಷನ್ ಕ್ಯಾನ್ಸಲ್ ಮಾಡೋದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ದೊಡ್ಡ ಕಾಲೇಜು, ಬೇ ಏರಿಯಾ ಥರ ಪಕ್ಕದಲ್ಲೇ ಯೂನಿವರ್ಸಿಟಿ ಇರೋ ಕಡೆ, ಗಣಿತ, ಸಿಎಸ್ ಎರಡೂ ಗಟ್ಟಿ ಇದ್ರೆ ಸ್ವಂತ ಎಎಸ್ ಬರೀರಿ, ಆದ್ರೆ ಮೇಲೆ ಹೇಳಿದ ಆರು ಕೋರ್ಸಿನ ಬೆನ್ನೆಲುಬು ಬಿಡಬೇಡಿ. ಬರೆಯೋ ಮುಂಚೆ ರಾಜ್ಯದ ಟೆಂಪ್ಲೇಟುಗಳ ಪಟ್ಟೀಲಿ ಡೇಟಾ ಸೈನ್ಸಿಂದು ಏನಿದೆ ಅಂತ ನಿಮ್ಮ ಆರ್ಟಿಕ್ಯುಲೇಶನ್ ಆಫೀಸರ್ (ಯಾವ ಕೋರ್ಸು ಯಾವುದಕ್ಕೆ ಸಮ ಅಂತ ಯೂನಿವರ್ಸಿಟಿಗಳ ಜೊತೆ ಒಪ್ಪಂದ ಮಾಡಿಸೋರು) ಹತ್ರ ಕೂತು ನೋಡಿ. ಸಿಎಸ್ ಎಎಸ್-ಟಿಗೆ ನಾನು ಮಕ್ಕಳನ್ನ ಕಳಿಸೋದು, ಮನೇಲಿ ಇನ್ನೂ ಕಂಪ್ಯೂಟರ್ ಸೈನ್ಸಾ ಡೇಟಾನಾ ಅಂತ ಚರ್ಚೆ ಮುಗಿದಿಲ್ಲ ಅಂದಾಗ ಮಾತ್ರ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಡಿಗ್ರಿ ಹೆಸರು ನೋಡಿ ಕಾಲೇಜು ಆರಿಸ್ಬೇಡಿ. ಮಗಳು ಹೋಗ್ಬೇಕು ಅಂತಿರೋ ಮೂರು ಕ್ಯಾಂಪಸ್ ಹೆಸರು ಬರ್ಕೊಳ್ಳಿ, ಅಸಿಸ್ಟಲ್ಲಿ ಒಂದೊಂದಾಗಿ ಹಾಕಿ, ಬಲಗಡೆ ಕಾಲಂ ತುಂಬಿದೆಯಾ ನೋಡಿ. ಎರಡು ಕಾಲೇಜು ಹತ್ತಿರ ಹತ್ತಿರ ಇದ್ರೆ ಒಂದು ಕೋರ್ಸ್ ಇಲ್ಲಿ, ಒಂದು ಕೋರ್ಸ್ ಅಲ್ಲಿ ತಗೊಳ್ಳೋಕೂ ಆಗತ್ತೆ, ಡೇಟಾ 8ಕ್ಕೆ ಸಮ ಇರೋ ಕೋರ್ಸ್ ಪಕ್ಕದ ಕಾಲೇಜಲ್ಲಿ ತಗೊಂಡು ಬಂದಿರೋ ಮಕ್ಕಳು ನನಗೆ ಗೊತ್ತು. ಡಿ ಆಂಜಾ, ಫೂಟ್‌ಹಿಲ್ ಕ್ವಾರ್ಟರ್ ಲೆಕ್ಕ, ಉಳಿದವು ಹೆಚ್ಚಿನಂಶ ಸೆಮಿಸ್ಟರ್ರು, ಮಧ್ಯದಲ್ಲಿ ಬದಲಾಯಿಸಿದ್ರೆ ಕ್ಯಾಲ್ಕುಲಸ್ ಸರಣಿ ಅರ್ಧಂಬರ್ಧ ಆಗತ್ತೆ, ಹಂಗಾಗಿ ಕ್ಯಾಲ್ಕುಲಸ್ ಪೂರ್ತಿ ಒಂದೇ ಕಡೆ ಮುಗಿಸ್ಲಿ. ಟ್ಯಾಗ್ ಅರ್ಜಿ ಸೆಪ್ಟೆಂಬರ್ ತಿಂಗಳು ಮಾತ್ರ ತೆರೆದಿರತ್ತೆ, ಅದು ಮುಗಿದ್ಮೇಲೆ ಯಾರ ಶಿಫಾರಸೂ ನಡಿಯಲ್ಲ.

ಡಿಗ್ರಿ ಬರೀತಿರೋ ಸ್ನೇಹಿತರಿಗೆ ಸಮಯದ ಲೆಕ್ಕ ಹೇಳಿಬಿಡ್ತೀನಿ. ಕರಿಕ್ಯುಲಮ್ ಕಮಿಟಿ, ಆಮೇಲೆ ಬೋರ್ಡು, ಆಮೇಲೆ ಚಾನ್ಸಲರ್ಸ್ ಆಫೀಸು. ಅದಾದ್ಮೇಲೆ ಕೋರ್ಸ್ ಯುಸಿಗೆ ಟ್ರಾನ್ಸ್‌ಫರ್ ಆಗತ್ತೆ ಅನ್ನೋ ಒಪ್ಪಿಗೆ, ಅದಕ್ಕೆ ವರ್ಷಕ್ಕೆ ಒಂದೇ ಸಲ ಬೇಸಿಗೇಲಿ ಕಳಿಸೋದು. ಅದು ಬಂದ್ಮೇಲೆ ಒಂದೊಂದು ಕ್ಯಾಂಪಸ್ಸಿನ ಜೊತೆ ಆರ್ಟಿಕ್ಯುಲೇಶನ್ನು. ಎರಡು ವರ್ಷ ಸಲೀಸಾಗಿ ಹೋಗತ್ತೆ. ಹಂಗಾಗಿ ಮೊದಲು ಕೋರ್ಸ್ ಕಳಿಸಿ, ಡಿಗ್ರಿ ಆಮೇಲೆ ಬರೀರಿ. ನಾವು ಎರಡನೇ ಸಲ ಹಾಗೇ ಮಾಡಿದ್ವಿ. ಡೇಟಾ ಕೋರ್ಸಿನ ಎದುರು ಬಲಗಡೆ ಕಾಲಮಲ್ಲಿ ನಮ್ಮ ಕೋರ್ಸ್ ನಂಬರ್ ಬಂದ ದಿನ ನಾನು ಆ ಹುಡುಗಿಗೆ ಸ್ಕ್ರೀನ್‌ಶಾಟ್ ಕಳಿಸಿದೆ, ಅವಳಾಗ್ಲೇ ಟ್ರಾನ್ಸ್‌ಫರ್ ಆಗಿ ಕೊನೇ ವರ್ಷದಲ್ಲಿದ್ಲು. ತಂಗಿ ಈ ಫಾಲ್‌ಗೆ ನಮ್ಮ ಕಾಲೇಜಿಗೇ ಸೇರ್ತಿದಾಳೆ ಸರ್, ಅವಳಿಗೂ ಈ ಪೇಜೇ ಮೊದಲು ತೋರಿಸಿ ಅಂತ ಉತ್ತರ ಬಂತು.